ಕೊಂಬಿಲ್ಲದ ಕೋಟು

ನಮ್ಮ ಬ್ಯಾಂಡ್ ಮಾಸ್ಟ್ರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಹರೆಯದಿಂದಲೇ ದೊಡ್ಡ ಡ್ರಮ್ಮಿನ ಪಟ್ಟಿ ಹೊತ್ತು ಹಾಗಾದದ್ದು. ಆದರೆ ಕೆಂಪು ಕೋಟು ಹಾಕಿ ನಿಂತರೆ ಆ ಓರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. “ಮನುಷ್ಯ ಓರೆಯಾಗಬಹುದು ಮಾರಾಯ, ಕೋಟು ಆಗಬಾರದು” ಎನ್ನುತ್ತಿದ್ದರು.

ಆ ಮಾತು ಹುಟ್ಟಿದ್ದು ಒಂದು ಅವಮಾನದಿಂದ. ಎಪ್ಪತ್ತರ ದಶಕದ ಕೊನೆ. ನಾನು ಅವರ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದೆ. ಮಳೆಗಾಲದಲ್ಲಿ ಮದುವೆಗಳಿಲ್ಲ. ನಮ್ಮ ಕೋಟುಗಳು ಹಿರಿಯಡ್ಕದ ಮಾಸ್ಟ್ರ ಮನೆಯಲ್ಲಿ ಗೋಡೆಯ ಮೊಳೆಗೆ ನೇತುಬಿದ್ದು ತೇವ ಕುಡಿಯುತ್ತಿದ್ದವು. ಮಳೆ ಬಿಟ್ಟು ಮೊದಲ ಮದುವೆಗೆ ತೊಟ್ಟುಕೊಂಡು ಹೋದರೆ, ಎಲ್ಲರ ಕುತ್ತಿಗೆಯ ಹಿಂದೆ, ಮೊಳೆ ಒತ್ತಿದ ಜಾಗದಲ್ಲಿ, ಬಟ್ಟೆ ಮೊನೆಯಾಗಿ ಎದ್ದು ನಿಂತಿದೆ! ಪೇಟೆಯ ಸೋಡಾ ಅಂಗಡಿಯವರು ಚಪ್ಪರಕ್ಕೆಲ್ಲ ಕೇಳುವಂತೆ, “ಮಾಸ್ಟ್ರೇ, ನಿಮ್ಮ ಬ್ಯಾಂಡಿನಲ್ಲಿ ಈಗ ಕೊಂಬು ಕೂಡ ಉಂಟಲ್ವಾ?” ಎಂದರು. ದೇವಸ್ಥಾನದಲ್ಲಿ ಊದುವುದೂ ಕೊಂಬು, ಎತ್ತಿನ ತಲೆಯ ಮೇಲಿರುವುದೂ ಕೊಂಬು. ಜನ ಹೊಟ್ಟೆ ಹಿಡಿದು ನಕ್ಕರು. ಅವರ ಸೋಡಾ ಬಾಟಲಿಯನ್ನು ಅವರ ತಲೆಗೇ ಒಡೆಯುವಷ್ಟು ಸಿಟ್ಟು ನನಗೆ. ‘ಕೊಂಬಿನ ಬ್ಯಾಂಡ್’ ಎಂಬ ಹೆಸರು ಕಾರ್ಕಳದವರೆಗೂ ಹೋಯಿತು. ನಮ್ಮನ್ನೇ ಕರೆಯುತ್ತಿದ್ದ ಮನೆಗಳು ಮಂಗಳೂರಿನ ಬ್ಯಾಂಡಿಗೆ ಹೇಳಿಕಳಿಸಿದವು. ಇನ್ನೊಂದು ವರ್ಷ ಹೀಗೇ ಆದರೆ ಬ್ಯಾಂಡು ಮುಚ್ಚುವುದೇ.

ಮಾಸ್ಟ್ರು ಉಡುಪಿಯಿಂದ ತಂತಿಯ ಹ್ಯಾಂಗರ್ ತಂದರು. ಮರುವರ್ಷ ಮಳೆ ಹಿಡಿದದ್ದೇ ತಡ, ತಂತಿಗೆ ತುಕ್ಕು ಬಂದು ಒಂದು ಕೋಟಿನ ಹೆಗಲಿಗೆ ಗೆರೆ ಎಳೆಯಿತು. ಅಷ್ಟರಲ್ಲಿ ಅಂಗಳಕ್ಕೆ ತೆಂಗಿನ ಒಣ ಮಡಲೊಂದು, ಇಡೀ ಗರಿಯೇ, ಬಿತ್ತು. ಮಾಸ್ಟ್ರು ಅದರ ಬುಡ ಎತ್ತಿ ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕೆ ಭುಜ ಉಂಟು, ನೋಡು” ಎಂದರು. ಹೌದಲ್ಲ! ನಾವು ಕೊತ್ತಳಿಗೆ ಎನ್ನುವ ಆ ಬುಡ ಎರಡೂ ಬದಿಗೆ ಅಗಲವಾಗಿ ಬಾಗಿರುತ್ತದೆ, ನಡುವೆ ಕುತ್ತಿಗೆಯ ಹಾಗೆ ದಂಟು. ದಂಟನ್ನು ಗಿಡ್ಡ ಕತ್ತರಿಸಿ ಕೊಕ್ಕೆ ಚುಚ್ಚಿದರು. ತುದಿಗಳಿಗೆ ನಾರು ತುಂಬಿ ಹಳೆಯ ಮುಂಡಿನ ಬಟ್ಟೆ ಸುತ್ತಿದರು. ಆಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಗಲಿಗೆ ಹಿಡಿದು ನೋಡಿದರು. ಅಗಲವಾದರೆ ತೋಳಿನಲ್ಲಿ ಗಂಟು ಏಳುತ್ತದೆ, ಗಿಡ್ಡವಾದರೆ ಹೆಗಲು ಜೋಲುತ್ತದೆ. “ನಿನಗೆ ಎಳೆಯ ಮರದ್ದು ಸಾಕು” ಎಂದು ನನ್ನ ಕಡ್ಡಿ ಮೈಯನ್ನು ಗೇಲಿ ಮಾಡಿದರು.

ಮಳೆ ಮುಗಿಯುವವರೆಗೆ ಕೋಟುಗಳು ಕೊತ್ತಳಿಗೆಗಳ ಮೇಲೆ ತೂಗಿದವು. ಕಾಪುವಿನ ಒಂದು ದೊಡ್ಡ ಮದುವೆ ಮನೆಯವರು ಮಂಗಳೂರಿಗೆ ಜನ ಕಳಿಸುವವರಿದ್ದರು. ಮಾಸ್ಟ್ರು ನಮ್ಮನ್ನೆಲ್ಲ ಕೋಟು ಹಾಕಿಸಿ ಕರೆದೊಯ್ದು ಅವರ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ವಾದ್ಯ ಮುಟ್ಟಲು ಬಿಡಲಿಲ್ಲ.

“ನಮ್ಮ ಮುಖ ನೋಡುವುದು ಬೇಡ, ಬೆನ್ನು ನೋಡಿ” ಎಂದು ಮದುಮಗಳ ತಂದೆಗೆ ಹೇಳಿ, ನಮ್ಮನ್ನು ಹಿಂದೆ ತಿರುಗಿಸಿದರು. ಅವರ ಚಪ್ಪಲಿಯ ಸದ್ದು ನಮ್ಮ ಬೆನ್ನ ಹಿಂದೆ ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಆಮೇಲೆ ಅವರ ನಗು ಕೇಳಿಸಿತು.

“ಮಂಗಳೂರಿಗೆ ಯಾರೂ ಹೋಗುವುದು ಬೇಡ.”

ಆ ಮದುವೆಯಲ್ಲಿ ನಾವು ಊದಿದ್ದು ಕಡಲಿನ ಆಚೆಗೂ ಕೇಳಿರಬೇಕು. ಅಲ್ಲಿಂದ ಮುಂದೆ ಹತ್ತು ವರ್ಷ ನಮಗೆ ಬಿಡುವೇ ಇರಲಿಲ್ಲ.

ಮಾಸ್ಟ್ರು ತೀರಿಕೊಂಡದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಅವರಿಗೂ ಕೆಂಪು ಕೋಟನ್ನೇ ತೊಡಿಸಿದರು. ಶವಪೆಟ್ಟಿಗೆಯಲ್ಲಿ ಮಲಗಿದ್ದವರ ಎರಡು ಭುಜಗಳೂ ಸಮನಾಗಿ ಕಂಡವು. ಮಳೆಗಾಲದ ನಟ್ಟನಡುವೆ ಕೋಟು ಹಾಕಿ ನಾವು ಇಗರ್ಜಿಯವರೆಗೂ ಊದುತ್ತ ನಡೆದೆವು. ಸೋಡಾ ಅಂಗಡಿಯವರು ಕೊಡೆ ಹಿಡಿದು ನಮ್ಮ ಹಿಂದೆಯೇ ಬಂದರು. ಚರ್ಚಿನ ಗೇಟಿನ ಬಳಿ ಅವರ ಕೈ ನನ್ನ ಕುತ್ತಿಗೆಯ ಹಿಂದೆ ಕಾಲರನ್ನು ಮೆಲ್ಲನೆ ಸವರಿತು.

“ಒಂದು ಕೊಂಬೂ ಇಲ್ಲ ಮಾರಾಯ” ಎಂದರು, ಅಳುತ್ತ.