ಐಸ್ ನೀರಿನ ಹಿಟ್ಟು

ಹಿಟ್ಟು ಕಲಸಲು ಐಸ್ ನೀರು ಹಾಕುವವರನ್ನು ನಾನು ಕಂಡದ್ದು ಯಲ್ಲಾಪುರಕ್ಕೆ ಬಂದ ಮೇಲೆ. ಗುಡ್ನಾಪುರದಲ್ಲಿ ಹಾಗೆ ಮಾಡಿದ್ದರೆ ನಮ್ಮತ್ತೆ ನನ್ನನ್ನು ತವರಿಗೆ ಅಟ್ಟುತ್ತಿದ್ದಳು.

ಮಗಳು ಗಿರಿಜಾ ನರ್ಸು. ಅವಳಿಗೆ ಇಲ್ಲಿಗೆ ವರ್ಗವಾಯಿತು, ಜೊತೆಗೆ ನಾನೂ ಬಂದೆ. ಬಾಡಿಗೆಗೆ ಸಿಕ್ಕಿದ್ದು ಮಹಡಿಯ ಎರಡು ಕೋಣೆ. ಊರಲ್ಲಿ ಕತ್ತು ಹೊರಳಿಸಿದರೆ ಕೆರೆ ಕಾಣುತ್ತಿತ್ತು. ಇಲ್ಲಿ ಪಕ್ಕದ ಮನೆಯ ನೀರಿನ ಟಾಂಕಿ ಕಾಣುತ್ತದೆ. ಮಗಳು, ಮೊಮ್ಮಗಳು ಎಂಟಕ್ಕೆ ಹೊರಟರೆ ಮಾತಾಡಲು ಉಳಿಯುವುದು ಗೋಡೆ. ಅದಕ್ಕೂ ಹೊಸ ಬಣ್ಣ ಬಳಿದಿದ್ದರು, ಒರಗಿ ಕೂರುವಂತಿರಲಿಲ್ಲ. ಒಂದು ತಿಂಗಳು ನೋಡುತ್ತೇನೆ, ಕೈಗೆ ಕೆಲಸ ಸಿಗದಿದ್ದರೆ ಬಸ್ಸು ಹತ್ತುತ್ತೇನೆ ಎಂದು ಗಿರಿಜಾಳಿಗೆ ಹೇಳಿಬಿಟ್ಟಿದ್ದೆ.

ಕೆಳಗೆ ಮನೆಯ ಒಡತಿ ಜುಲೇಖಾ ಇರುತ್ತಾಳೆ. ಗಂಡ ಲಾರಿ ಓಡಿಸುತ್ತಾನೆ. ಇವಳು ಮನೆಯಲ್ಲೇ ಚೀಸು, ಬೆಳ್ಳುಳ್ಳಿ ತುಂಬಿದ ಪಫ್ಸ್ ಮಾಡಿ ಹೇಳಿಕಳಿಸಿದವರಿಗೆ ಕೊಡುತ್ತಾಳೆ. ಚೀಸು ಮೊದಲ ಸಲ ಮೂಸಿದಾಗ ಕರು ನೆಕ್ಕಿದ ಕೈಯ ವಾಸನೆ ಬಂತು. ಬಿಸಿ ಪಫ್ಸಿನೊಳಗೆ ಕೊಟ್ಟಾಗ ತಿಂದೆ. ಎರಡು ತಿಂದೆ.

ಮೂರನೆಯ ವಾರ ಅವಳೇ ಕರೆದಳು. ನಾದಿನಿಯ ಮನೆಯಲ್ಲಿ ಮಂಗ್ನಿ, ಅಂದರೆ ನಿಶ್ಚಿತಾರ್ಥ. ನಲವತ್ತು ಪಫ್ಸ್ ಆಗಬೇಕಿತ್ತು. ಮೈದಾದಲ್ಲಿ ತಣ್ಣನೆಯ ಬೆಣ್ಣೆಯ ತುಂಡುಗಳನ್ನು ಹಾಕಿ, ಪಕ್ಕದಲ್ಲಿ ಐಸ್ ನೀರಿಟ್ಟು, ಇದರಲ್ಲೇ ಕಲಸಿ, ಹೆಚ್ಚು ನಾದದೆ ಉಂಡೆ ಕಟ್ಟಿಡಿ ಎಂದು ಹೇಳಿ ಪೇಟೆಗೆ ಹೋದಳು. ಐವತ್ತು ವರ್ಷ ಅಕ್ಕಿರೊಟ್ಟಿ ತಟ್ಟಿದವಳಿಗೆ ಹಿಟ್ಟಿನ ಪಾಠವೇ? ಪಾಪ, ಇವಳಿಗೆ ಯಾರೂ ಸರಿಯಾಗಿ ಕಲಿಸಿಲ್ಲ ಎಂದುಕೊಂಡೆ. ಐಸ್ ನೀರು ಚೆಲ್ಲಿದೆ. ನೀರು ಕುದಿಸಿ ಸುರಿದು, ಅಂಗೈಯ ಬುಡದಿಂದ ಗಟ್ಟಿಯಾಗಿ ನಾದಿದೆ. ಹಿಟ್ಟು ಮಿರಿಮಿರಿ ಮಿಂಚಿತು. ನನಗೆ ಹೆಮ್ಮೆ.

ಜುಲೇಖಾ ಬಂದು ಬೆರಳಿಟ್ಟು ನೋಡಿದಳು.

“ಅಜ್ಜಿ, ಬಿಸಿನೀರು ಹಾಕಿದ್ರಾ?”

“ಹೂಂನವ್ವ. ಹಿಟ್ಟಿಗೆ ಮತ್ತೇನ್ ಹಾಕ್ತಾರ?”

“ಬೆಣ್ಣೆ ಕರಗಿ ಹೋದ್ರೆ ಪದರ ಎಲ್ಲಿಂದ ಬರ್ಬೇಕು?”

ನೋಡೋಣವೆಂದು ಅದರಲ್ಲೇ ಎರಡು ಪಫ್ಸ್ ಮಾಡಿ ಓವನ್ನಿಗೆ ಇಟ್ಟಳು. ಹೊರಬಂದವು ಹಲಗೆಯಂತಿದ್ದವು. ಒಂದನ್ನು ಕಟ್ಟೆಗೆ ಬಡಿದು, “ನಮ್ಮನೆಯವ್ರ ಲಾರಿ ಗಾಲಿಗೆ ಅಡ್ಡ ಇಡೋಕೆ ಸರಿ ಇದೆ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಸಿಕ್ಕಿದ್ದ ಒಂದು ಕೆಲಸವೂ ಹೋಯಿತು, ಇನ್ನು ಬಸ್ಸೇ ಗತಿ ಎಂದುಕೊಂಡು, ತಪ್ಪಾಯಿತೆಂದು ಹೇಳಿ ಎದ್ದೆ.

“ಎಲ್ಲಿಗೆ? ಕೆಡಿಸಿದವ್ರೇ ಮತ್ತೆ ಕಲಸಿಕೊಡ್ಬೇಕು, ಕೂತ್ಕೊಳ್ಳಿ” ಎಂದಳು. ಬೇರೆ ಬೆಣ್ಣೆ ತರಿಸಿ, ಐಸ್ ನೀರನ್ನು ನನ್ನ ಮುಂದೆಯೇ ಇಟ್ಟಳು.

ಕಲಸಿದೆ. ಬೆರಳು ಮರಗಟ್ಟಿದವು. ಅವಳು ಸೀರೆ ಮಡಚಿದಂತೆ ಹಿಟ್ಟನ್ನು ಮಡಚಿ, ಫ್ರಿಜ್ಜಿನಲ್ಲಿಟ್ಟು, ತೆಗೆದು ಲಟ್ಟಿಸಿ, ಮತ್ತೆ ಮಡಚಿದಳು. ಬೆಳ್ಳುಳ್ಳಿಯ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಅವರ ಮನೆಮಾತಿನಲ್ಲಿ ಅದು ಲಹ್ಸುನ್. ಅವಳು ಹಸಿಯದನ್ನೇ ಹೆಚ್ಚಿ ಹಾಕುತ್ತಿದ್ದಳು, ಘಾಟು ಮೂಗಿಗೆ ಹೊಡೆಯುತ್ತಿತ್ತು. ನಾನು ಊರಿನ ಒಲೆಯ ಬೂದಿಯಲ್ಲಿ ಸುಡುತ್ತಿದ್ದಂತೆ ಇಡೀ ಗಡ್ಡೆಯನ್ನು ಗ್ಯಾಸಿನ ಉರಿಯಲ್ಲಿ ಸುಟ್ಟು, ಸುಲಿದು, ಜಜ್ಜಿ ಚೀಸಿಗೆ ಬೆರೆಸಿದೆ. ಮಂಗ್ನಿಯಿಂದ ಒಂದು ಪಫ್ಸೂ ಉಳಿದು ಬರಲಿಲ್ಲ. ಅಂದಿನಿಂದ ಹಿಟ್ಟೂ ಲಹ್ಸುನ್ನೂ ನನ್ನ ಪಾಲು. ತಿಂಗಳು ಮುಗಿಯಿತಲ್ಲ ಎಂದು ಗಿರಿಜಾ ಕೆಣಕಿದಳು. ಬೆಳ್ಳುಳ್ಳಿ ಸುಡುವುದಿದೆ ಎಂದು ಕೆಳಗಿಳಿದೆ.

ಹೋದ ವಾರ ಗುಡ್ನಾಪುರಕ್ಕೆ, ಮಗನ ಮನೆಗೆ ಹೋಗಿದ್ದೆ. ಸೊಸೆ ಒಲೆಯ ಮುಂದಿನ ಜಾಗ ಬಿಟ್ಟುಕೊಟ್ಟು, ರೊಟ್ಟಿ ನೀವೇ ತಟ್ಟಿರಿ ಎಂದಳು. ಜುಲೇಖಾಳ ಓವನ್ನಿನ ಸುದ್ದಿ ಹೇಳುತ್ತಾ ಕಲಸಿದೆ, ತಟ್ಟಿದೆ. ಮೊದಲನೆಯದು ಅಂಚಿನಿಂದ ನಡುವಿನವರೆಗೆ ಬಿರಿಯಿತು. ಎರಡನೆಯದೂ ಬಿರಿಯಿತು. ಒಲೆಯ ಮೇಲೆ ಬಿಸಿನೀರು ಇನ್ನೂ ಕುದಿಯುತ್ತಲೇ ಇತ್ತು. ನನ್ನ ಕೈ ಕೊಡದ ತಣ್ಣೀರಿಗೆ ಹೋಗಿತ್ತು.

“ಇದು ಯಾವೂರ ರೊಟ್ಟಿರೀ ಅತ್ತಿ?” ಎಂದಳು ಸೊಸೆ.



“ಬಾಯ್ಮುಚ್ಚಿ ತಿನ್ನು” ಎಂದೆ.