ಗೆದ್ದ ಹಂದಿ

ರಾಯಚೂರಿನಲ್ಲಿ ಕೋಟೆಯ ಕಂದಕದ ಆಚೆ ನಮ್ಮ ಗುಡಿಸಲಿತ್ತು. ನಮ್ಮದು ಹಂದಿ ಸಾಕುವ ಮನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಹೆಣ್ಣು ಕೊಡುವಾಗ ಮಗಳ ಜೊತೆ ಒಂದು ಬಸುರಿ ಹಂದಿಯನ್ನೂ ಕಳಿಸುವುದು ನಮ್ಮ ಮನೆತನದ ರೂಢಿ. ಅದು ಈದು ಮರಿಗಳು ಅಂಗಳದಲ್ಲಿ ಓಡಾಡಿದರೆ ಸೊಸೆಯ ಕಾಲ್ಗುಣ ಒಳ್ಳೆಯದು. ಓಡಾಡದಿದ್ದರೆ ಏನು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕನ ಮದುವೆ ದೇವದುರ್ಗದ ಮನೆಯೊಂದಕ್ಕೆ ಗೊತ್ತಾಯಿತು. ಅವರೂ ಹಂದಿ ಸಾಕುವವರೇ. ಮದುವೆ ಹತ್ತಿರ ಬಂದಾಗ ಅಪ್ಪ ಮಾನ್ವಿಯಿಂದ ಒಂದಿಷ್ಟು ಹಂದಿ ತಂದ. ಅವುಗಳ ಜೊತೆ ಜ್ವರವೂ ಬಂತು. ಕಿವಿ ಕೆಂಪಗಾಗಿ, ಹಿಂಗಾಲು ಎಳೆಯುತ್ತಾ, ಒಂದರ ಮೇಲೊಂದು ಬಿದ್ದು ಸತ್ತವು. ಹೂತು ಹೂತು ಅವ್ವನ ಅಂಗೈಯಲ್ಲಿ ಬೊಬ್ಬೆ ಎದ್ದವು. ಎಳೆ ಬಸುರಿಯಾಗಿದ್ದ ಒಂದು ಕರಿ ಹಂದಿ ಮಾತ್ರ ಕೆಲವು ದಿನ ಮುಸುರೆ ಮುಟ್ಟದೆ ಬಿದ್ದುಕೊಂಡು, ಆಮೇಲೆ ತಾನಾಗಿ ಎದ್ದು ಬಂದು ತೊಟ್ಟಿಗೆ ಬಾಯಿ ಹಾಕಿತು. ಹೀಗೆ ಜ್ವರ ಬಂದೂ ಉಳಿದದ್ದನ್ನು ನಾವು ‘ಗೆದ್ದ ಹಂದಿ’ ಅನ್ನುತ್ತಿದ್ದೆವು. ಗೆದ್ದದ್ದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ.

“ಇದನ್ನ ನನ್ನ ಮಗಳಿಗೆ ಕೊಡ್ತೀನಿ,” ಅಂದ ಅಪ್ಪ. “ಸಾವಿನ ಬಾಯಾಗಿಂದ ಎದ್ದು ಬಂದದ. ಇದರ ತಳಿ ಗಟ್ಟಿ ಇರ್ತದ.”

ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿ ಕೊಟ್ಟ.

ದೇವದುರ್ಗದಲ್ಲಿ ಆ ಹಂದಿ ಈಯುವ ಹೊತ್ತಿಗೆ ಅಕ್ಕನೂ ಬಸುರಿಯಾಗಿದ್ದಳು. ಮೊದಲು ಹೊರಬಂದವನ್ನು ಮರಿ ಅನ್ನಲೂ ಆಗದು. ಹೊಟ್ಟೆಯೊಳಗೇ ಒಣಗಿ ಕಪ್ಪಾದ ಮುದ್ದೆಗಳು. ಆಮೇಲೆ ಸತ್ತ ಮರಿಗಳು. ಜೀವವಿದ್ದ ಮೂರೋ ನಾಲ್ಕೋ ಗಡಗಡ ನಡುಗುತ್ತಿದ್ದವು, ಮೊಲೆ ಬಾಯಿಗೆ ಸಿಕ್ಕರೂ ಹಿಡಿಯಲು ಆಗುತ್ತಿರಲಿಲ್ಲ. ಅಕ್ಕ ಅವನ್ನು ಸೆರಗಿನಲ್ಲಿ ಸುತ್ತಿ ಕಾವು ಕೊಟ್ಟಳು, ಬಟ್ಟೆ ಅದ್ದಿ ಬಾಯಿಗೆ ಹಾಲು ಹಿಂಡಿದಳು. ಸ್ವಲ್ಪ ದಿನದಲ್ಲಿ ಬೀಗರ ಹಂದಿಗಳಿಗೂ ಜ್ವರ ಹತ್ತಿ ಅವರ ದೊಡ್ಡಿಯೇ ಬರಿದಾಯಿತು. ಸೊಸೆ ಕಾಲಿಟ್ಟಳು, ಮನೆ ಹಾಳಾಯಿತು ಎಂದು ಸುದ್ದಿ ಕಳಿಸಿದರು.

ಅಪ್ಪ ನನ್ನನ್ನೂ ಕರೆದುಕೊಂಡು ಮೊದಲು ಪಶು ಆಸ್ಪತ್ರೆಗೆ ಹೋದ. ಡಾಕ್ಟರು ಎಲ್ಲ ಕೇಳಿಸಿಕೊಂಡು ಹೇಳಿದರು: “ಜ್ವರದ ವೈರಸ್ಸು ಬಸುರಾಗಿನ ಮರಿಗಳಿಗೆ ದಾಟಿರ್ತದ. ತಾಯಿ ಗೆದ್ದು ಚೆಂದ ಕಾಣ್ತದ, ಬ್ಯಾನಿ ಹೊಟ್ಟಿಯೊಳಗಿರ್ತದ. ಜೀವಂತ ಹುಟ್ಟಿದ ಮರಿ ಉಳಿದ ಹಂದಿಗೆಲ್ಲ ಅಂಟಿಸ್ತಾವ. ಮನುಷ್ಯಾರಿಗೆ ಇದು ಬರೂದಿಲ್ಲ.”

ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡುತ್ತಾ ಬಂದ.

ದೇವದುರ್ಗದಲ್ಲಿ ಅಕ್ಕನ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪ ನಿಂತೇ ಎಲ್ಲ ಒಪ್ಪಿಸಿದ. “ತಪ್ಪು ಹಂದೀದರೀ, ನನ್ನ ಮಗಳದಲ್ಲ. ತಾಯಿ ಚೆಂದ ಕಾಣ್ತದ, ಬ್ಯಾನಿ ಹೊಟ್ಟಿಯೊಳಗಿರ್ತದ.”

ಅವಳು ಅಕ್ಕನ ಹೊಟ್ಟೆಯ ಕಡೆ ನೋಡಿದಳು. “ಆ ಹಂದಿ ಯಾರ ಮನಿದು, ಬೀಗರೇ?”

“ನಮ್ದರೀ.”

“ಇಕಿ ಯಾರ ಮನ್ಯಾಕಿ?”

ಮನುಷ್ಯರಿಗೆ ಬರುವುದಿಲ್ಲವಂತೆ ಎಂದು ನಾನೇ ಹೇಳಿದೆ. ಯಾರು ಕೇಳಬೇಕು?

“ಕರಕೊಂಡು ಹೋಗ್ರಿ,” ಅಂದಳು ಆಕೆ. “ಹಡೀಲಿ. ಕೂಸು ನೋಡಿ ಕರಸ್ಕೊಂತೀವಿ.” ಬಾಗಿಲಲ್ಲೇ ನಿಂತಿದ್ದ ಅಕ್ಕನ ಗಂಡ ಮೆಲ್ಲಗೆ ಒಳಗೆ ಸರಿದ. ಮೀಸೆ ಬೇರೆ ಅವನಿಗೆ.

ನಮ್ಮ ಮನೆಯಲ್ಲಿ ಅಕ್ಕ ಸರಿಯಾಗಿ ಉಣ್ಣಲಿಲ್ಲ. “ನನ್ನ ಕೂಸು ನಡಗ್ತದೇನಬೇ?” ಎಂದು ಅವ್ವನನ್ನು ಕೇಳುವಳು. “ಬಾಯಿ ಮುಚ್ಚು,” ಎಂದು ಗದರುತ್ತಿದ್ದ ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುವಳು. ಹೆಣ್ಣು ಹುಟ್ಟಿತು. ಗುಂಡಗೆ, ಗಟ್ಟಿಯಾಗಿ ಇತ್ತು. ಮೊಲೆಗೆ ಬಾಯಿ ಹಚ್ಚಿದರೆ ಅಕ್ಕ ನೋವಿಗೆ ಮುಖ ಕಿವುಚಿ, ನೋಯುತ್ತದೆಂದೇ ನಗುತ್ತಿದ್ದಳು.

ಬಾಣಂತನ ಮುಗಿದ ಮೇಲೆ ಕೂಸನ್ನು ತೋರಿಸಲು ಅಪ್ಪ, ಅಕ್ಕ, ನಾನು ದೇವದುರ್ಗಕ್ಕೆ ಹೋದೆವು. ಅತ್ತೆ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಟ್ಟೆ ಬಿಚ್ಚಿದಳು. ಕಾಲು ನೋಡಿದಳು, ಕೈಬೆರಳು ಬಿಡಿಸಿ ನೋಡಿದಳು. “ಮಗನ ಮೂಗ ಐತಿ,” ಅಂದಳು. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ಒಳಗೆ ಯಾರೋ ಕೊಡ ಬೀಳಿಸಿದರು. ಕೂಸು ಬೆಚ್ಚಿ ಎರಡೂ ಕೈ ಚಾಚಿತು. ಪುಟ್ಟ ಬೆರಳುಗಳು ಒಂದು ಗಳಿಗೆ ನಡುಗಿದವು.

ಅತ್ತೆಯ ಕೈ ನಿಂತಿತು. “ನಡಗ್ತು,” ಅಂದಳು.

“ಸಪ್ಪಳಕ್ಕ ಬೆಚ್ಚಿತು ಯವ್ವಾ,” ಅಂದಳು ಅಕ್ಕ. “ಎಲ್ಲಾ ಕೂಸೂ ಬೆಚ್ಚತಾವ.”

ಮನೆತುಂಬ ಮಕ್ಕಳನ್ನು ಹಡೆದು ಸಾಕಿದ ಹೆಂಗಸು ಅವಳು. ಗೊತ್ತಿರಲಿಲ್ಲವೇ ಅವಳಿಗೆ? ಕೂಸಿಗೆ ಮತ್ತೆ ಬಟ್ಟೆ ಸುತ್ತಿ, ಅಕ್ಕನ ಕೈಗೆ ಕೊಡದೆ ಅಪ್ಪನ ಕೈಗೆ ಕೊಟ್ಟಳು. ಅದನ್ನು ಹಿಡಿದುಕೊಂಡ ಅಪ್ಪನ ಕೈ ಅಕ್ಕನೊಡನೆ ತಿರುಗಿ ಬಸ್ಸು ಹತ್ತುವವರೆಗೂ ನಡುಗುತ್ತಲೇ ಇತ್ತು.