ಯೂನಿಸ್ ನಂಪಿಜಿನ್ಪ ಅವರ ಅನುಮಾನಕ್ಕೆ ನಮಸ್ಕಾರ

ಮರುಭೂಮಿಯ ಶಾಲೆಗಳಲ್ಲಿ ದುಡಿದು ತಾಳ್ಮೆಗಾಗಿ, ತ್ಯಾಗಕ್ಕಾಗಿ, ಪಾಂಡಿತ್ಯಕ್ಕಾಗಿ ಸನ್ಮಾನಿತರಾದವರು ಹಲವರಿದ್ದಾರೆ. ಅನುಮಾನಕ್ಕಾಗಿ ಸನ್ಮಾನಿತರಾಗುತ್ತಿರುವವರು ಬಹುಶಃ ಶ್ರೀಮತಿ ಯೂನಿಸ್ ನಂಪಿಜಿನ್ಪ ಅವರೊಬ್ಬರೇ. ಪಿರ್ಲಿ ಬೋರ್ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಹಶಿಕ್ಷಕಿಯಾಗಿದ್ದು, ನಮ್ಮ ಮೂಲನಿವಾಸಿ ಜನರ ವಾರ್ಲ್‌ಪಿರಿ ನುಡಿಯಲ್ಲಿ ಎರಡು ತಲೆಮಾರಿಗೆ ಅಕ್ಷರ ತಿದ್ದಿಸಿ ಈ ವರ್ಷ ಅವರು ನಿವೃತ್ತರಾಗುತ್ತಿದ್ದಾರೆ. ಈ ಲೇಖನ ಬರೆಯುತ್ತಿರುವ ಈಗಿನ ಮುಖ್ಯೋಪಾಧ್ಯಾಯಿನಿ ಒಂದು ಕಾಲಕ್ಕೆ ಅವರ ವಿದ್ಯಾರ್ಥಿನಿ, ಸಂಬಂಧದಲ್ಲಿ ಅವರ ತಮ್ಮನ ಮಗಳು. ಹಾಗಾಗಿ ಇಲ್ಲಿನ ಹೊಗಳಿಕೆಯನ್ನು ಅವರು ಸುತರಾಂ ನಂಬುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಅವರ ಅನುಮಾನದ ಮೊದಲ ಫಲವನ್ನು ಉಂಡವರು ಮಕ್ಕಳು. ಬೆಳಿಗ್ಗೆ ತರಗತಿಗೆ ಬಂದ ಮಗು “ತಿಂದು ಬಂದೆ” ಎಂದರೆ ಅತ್ತೆ ಒಪ್ಪುತ್ತಿರಲಿಲ್ಲ. “ಎಲ್ಲಿ, ಬಾಯಿ ತೆಗಿ, ಊದು” ಎನ್ನುವರು. ಸುಳ್ಳೆಂದು ಗೊತ್ತಾದರೆ ಕೆಂಡದಲ್ಲಿ ಸುಟ್ಟ ದಪ್ಪ ರೊಟ್ಟಿಯ ತುಂಡು ಅವರ ಚೀಲದಿಂದ ಹೊರಬರುತ್ತಿತ್ತು. ಈ ಲೇಖಕಿ ಒಂದನೇ ತರಗತಿಯ ಬಹುಪಾಲು ದಿನ ಸುಳ್ಳು ಹೇಳಿದವಳು.

ಅನುಮಾನದ ಬೇರು ಬೇರೆಯೇ ಇತ್ತು. ಅವರ ತಾಯಿಯ ಹಾಡನ್ನು ಯಾರೋ ವಿದ್ವಾಂಸರು ಟೇಪಿನಲ್ಲಿ ತುಂಬಿಕೊಂಡು ಹೋಗಿದ್ದರು. ತಾಯಿ ತೀರಿಕೊಂಡ ಮರುವರ್ಷ ಆ ಹಾಡು ದೂರದ ಪಟ್ಟಣವಾದ ಆಲಿಸ್ ಸ್ಪ್ರಿಂಗ್ಸ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳ ಕಿವಿಗೆ ಬೀಳುತ್ತಿತ್ತು. ಸತ್ತವರ ಹೆಸರು, ಮುಖ, ದನಿ ಮೂರೂ ಬಂಧುಗಳು ಸಾಕೆನ್ನುವವರೆಗೆ ಮರೆಯಾಗಿರಬೇಕು ಎನ್ನುವ ಜನ ನಾವು. ಮಗಳಾದ ಅತ್ತೆ ಅಂಗಡಿಯ ನಡುವೆ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರಂತೆ.

ಹೀಗಿರುವಾಗ ನಗರದ ದತ್ತಿ ಸಂಸ್ಥೆಯೊಂದು ಶಾಲೆಗೆ ನಲವತ್ತು ಪುಟ್ಟ ಕಂಪ್ಯೂಟರುಗಳನ್ನು ಕಳಿಸಿತು. ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂದು ಊರಿಗೆ ಊರೇ ಲಾರಿಯ ಸುತ್ತ ಸೇರಿತು. ಅತ್ತೆ ಮಾತ್ರ ಶಾಲೆಯ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತರು.

“ಇದು ಏನು ಕೊಡುತ್ತೆ ಅಂತ ಆಗ್ಲಿಂದ ಹೇಳ್ತಾ ಇದೀರ. ಏನು ತಗೊಂಡು ಹೋಗುತ್ತೆ? ಅದನ್ನ ಹೇಳಿ,” ಎಂದು ಸಂಸ್ಥೆಯ ಪ್ರತಿನಿಧಿ ಡೆಸ್ಮಂಡ್ ಅವರನ್ನು ಕೇಳಿದರು.

“ಏನೂ ಇಲ್ಲಮ್ಮ. ಬರೀ ಕೊಡುಗೆ.”

“ಏನೂ ತಗೊಳ್ಳದೋರು ಇಷ್ಟು ದೂರ ಬರಲ್ಲಪ್ಪ.”

ಡೆಸ್ಮಂಡ್ ಅವರಿಗೆ ಬೇಕಿದ್ದುದು ಒಂದು ದನಿ. ಮಕ್ಕಳು ತಮ್ಮ ನುಡಿಯಲ್ಲೇ ಓದು ಕಲಿಯಲು ಯಂತ್ರದೊಳಗೆ ಕಥೆಗಳಿರಬೇಕಿತ್ತು. ನಮ್ಮ ನೀರಿನ ತಾಣಗಳ ಕಥೆಗಳನ್ನು ಪೂರ್ತಿಯಾಗಿ ಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದರು, ಅವರು ಅತ್ತೆಯ ಯಜಮಾನರು. ದನ ಮೇಯಿಸುತ್ತ ಧೂಳು ಕುಡಿದ ಎದೆ ಅವರದು. ಕಥೆಯಲ್ಲಿ ಹಾವು ನೀರಿನಿಂದ ತಲೆ ಎತ್ತುವ ಮುನ್ನ ಅವರೊಮ್ಮೆ ಕೆಮ್ಮುತ್ತಿದ್ದರು, ಆ ಕೆಮ್ಮಿಗೇ ಮಕ್ಕಳು ಕಾಲು ಮಡಚಿ ಹಿಂದೆ ಸರಿಯುತ್ತಿದ್ದರು.

ಅತ್ತೆ ಎರಡು ಷರತ್ತು ಹಾಕಿ ಒಪ್ಪಿದರು. ದನಿಯನ್ನು ಅಳಿಸುವ ಬಗೆಯನ್ನು ಡೆಸ್ಮಂಡ್ ಕಾಗದದ ಮೇಲೆ ಬರೆದು ಮೂರು ಸಲ ಮಾಡಿ ತೋರಿಸಬೇಕು. ಯಜಮಾನರು ಕಣ್ಣು ಮುಚ್ಚಿದ ದಿನ ಸೂರ್ಯ ಮುಳುಗುವುದರೊಳಗೆ ಎಲ್ಲ ಯಂತ್ರಗಳನ್ನೂ ಒಟ್ಟುಗೂಡಿಸುವುದಾಗಿ ಆಗಷ್ಟೇ ಶಿಕ್ಷಕಿಯಾಗಿದ್ದ ಈ ಲೇಖಕಿ ಮಾತು ಕೊಡಬೇಕು.

“ಮಾವ ಗುಂಡುಕಲ್ಲಿನ ಹಾಗಿದಾರಲ್ಲ ಅತ್ತೆ, ಈಗಲೇ ಯಾಕೆ ಆ ಮಾತು?”

“ಕಲ್ಲಿನ ಮೇಲೆ ನಂಬಿಕೆ ಇದೆ ಕಣೇ. ನಿನ್ನ ಮೇಲಿಲ್ಲ.”

ಮುಂದಿನ ಎರಡು ವರ್ಷ ಅವರು ಪ್ರತಿ ಸಂಜೆ ಮಕ್ಕಳು ಮನೆಗೆ ಒಯ್ಯುವ ಮುನ್ನ ಯಂತ್ರಗಳ ಕೆಂಪು ಧೂಳನ್ನು ತಮ್ಮ ಲಂಗದ ಅಂಚಿನಿಂದಲೇ ಒರೆಸಿಕೊಟ್ಟರು, ಆದರೆ ಒಮ್ಮೆಯೂ ಕಥೆ ಕೇಳಲಿಲ್ಲ. “ಮನುಷ್ಯನೇ ಮನೇಲಿ ಕೂತು ಗೊಣಗ್ತಿರುವಾಗ ಡಬ್ಬಿಯಿಂದ ಯಾಕೆ ಕೇಳ್ಲಿ?” ಎಂಬುದು ಅವರ ವಾದ. ಮಕ್ಕಳು ಓದು ಕಲಿತರು. ಸಂಶಯದ ಪಿಶಾಚಿ ಎಂದು ನಾವೆಲ್ಲ ಹಿಂದಿನಿಂದ ನಕ್ಕೆವು.

ಮೂರನೆಯ ಚಳಿಗಾಲದಲ್ಲಿ ಯಜಮಾನರು ತೀರಿಕೊಂಡರು. ಅವರ ಹೆಸರು ಇಲ್ಲಿಯೂ ಬರುವುದಿಲ್ಲ. ಈ ಲೇಖಕಿ ಮನೆಮನೆಗೆ ಓಡಿ ಮೂವತ್ತೊಂಬತ್ತು ಯಂತ್ರಗಳನ್ನು ತಂದಳು. ನಲವತ್ತನೆಯದು ಅವಳ ಮನೆಯಲ್ಲೇ ಇತ್ತು. ಮನೆಯದೇ ತಾನೆ, ಎಲ್ಲಿ ಹೋಗುತ್ತದೆ ಎಂದು ಸುಮ್ಮನಾದಳು. ದೀಪದ ಬುಡದಲ್ಲೇ ಕತ್ತಲೆ! ಮೂರನೆಯ ದಿನ ಊರೆಲ್ಲ ಅಳುತ್ತ ಕೂತಿದ್ದಾಗ ಅವಳ ಮಗಳು ಹೊದಿಕೆಯೊಳಗೆ ಆ ಯಂತ್ರವನ್ನು ತೆರೆದಳು. ಸತ್ತವರ ದನಿ ವಿಧವೆಯ ಎದುರಿಗೇ ಕಥೆ ಶುರುಮಾಡಿತು. ಆ ಕ್ಷಣದ ನಾಚಿಕೆ ಈ ಲೇಖಕಿಯನ್ನು ಇಂದಿಗೂ ಬಿಟ್ಟಿಲ್ಲ.

ಗಂಡಸರು ಕಲ್ಲೆತ್ತಿಕೊಂಡರು. “ಎಲ್ಲಾನೂ ಜಜ್ಜಿ ಹಾಕ್ರೋ! ಇನ್ಮೇಲೆ ಇಂಥ ದರಿದ್ರ ಈ ಊರಿಗೆ ಕಾಲಿಡಬಾರ್ದು!” ಎಂದು ಯಜಮಾನರ ತಮ್ಮ ಕೂಗಿದರು. ಮೈಗೆ ಶೋಕದ ಬಿಳಿ ಮಣ್ಣು ಬಳಿದುಕೊಂಡಿದ್ದ ಅತ್ತೆ ಎದ್ದು ನಿಂತರು. ವಿಧವೆ ಮಾತಾಡುವಂತಿಲ್ಲ, ನಮ್ಮ ಹೆಂಗಸರಿಗೆ ಆಗ ಕೈಯೇ ಬಾಯಿ. ಅವರ ಕೈ ಯಂತ್ರದ ಕಡೆ ತಿರುಗಿ, ಇದರ ತಪ್ಪಲ್ಲ ಎಂದಿತು. ಅನಂತರ ತಮ್ಮನ ಮಗಳ ಕಡೆ ತಿರುಗಿ, ಇವಳದು ಎಂದಿತು. ಚೀಲದಿಂದ ಡೆಸ್ಮಂಡ್ ಬರೆದ ಕಾಗದ ಹೊರಬಂತು. ಒಂದೊಂದು ಸಾಲಿಗೂ ಬೆರಳಿಟ್ಟು ಅವರು ತೋರಿಸುತ್ತಿರಲು ಈ ಲೇಖಕಿ ಅಳುತ್ತಳುತ್ತ ಅಳಿಸಿದಳು. ಮೂವತ್ತೊಂಬತ್ತು ಯಂತ್ರಗಳು ಬರಿದಾಗಿ ಶಾಲೆಗೆ ಮರಳಿದವು. ನಲವತ್ತನೆಯದನ್ನು ಅತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಹೋದರು. ಅದನ್ನು ಹೂತರೆಂದೇ ಎಲ್ಲರೂ ತಿಳಿದೆವು. ಸಂಸ್ಥೆಯವರು ತಮ್ಮಲ್ಲಿದ್ದ ಪ್ರತಿಯನ್ನೂ ಅಳಿಸಿದೆವೆಂದು ಬರೆದರು. ಅತ್ತೆ ಅದನ್ನು ನಂಬದೆ ವರ್ಷವರ್ಷವೂ ಕಾಗದ ಹಾಕಿ ಕೇಳಿದರು. ಕಥೆಗಳು ಲೋಕದಿಂದಲೇ ಹೋದವೆಂದು ಈ ಲೇಖಕಿ ಹನ್ನೊಂದು ವರ್ಷ ಕೊರಗಿದಳು.

ಕಳೆದ ತಿಂಗಳು ಯಜಮಾನರ ತಮ್ಮನೇ ಶಾಲೆಗೆ ಬಂದು, “ಸಾಕು, ಇನ್ನು ಮಕ್ಕಳು ಕೇಳಬಹುದು” ಎಂದರು. ಮರುದಿನ ಅತ್ತೆ ಹಿಟ್ಟಿನ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟರು. ಒಳಗೆ ನಲವತ್ತನೆಯ ಯಂತ್ರವಿತ್ತು.

“ಎಲ್ಲಾ ಅಳಿಸಿಹೋಯ್ತು ಅಂತ ನಂಬಿದ್ಯಾ? ಇಟ್ಕೊಳ್ಳೋರನ್ನೂ ನಂಬಬಾರ್ದು, ಅಳಿಸೋರನ್ನೂ ನಂಬಬಾರ್ದು ಕಣೇ.”

ಯಂತ್ರ ಒಂದು ಹಗಲು ವಿದ್ಯುತ್ತು ಕುಡಿದು ಎಚ್ಚೆತ್ತಿತು. ಮಕ್ಕಳು ಸುತ್ತ ಕೂತರು. ಅದೇ ದನಿ, ಅದೇ ನೀರು. ಅತ್ತೆ ಮೊದಲ ಸಲ ಕೇಳುತ್ತಿದ್ದರು. ಕಣ್ಣು ಮುಚ್ಚಿ, ಬೆರಳೆತ್ತಿ, “ಈಗ ಮುದುಕ ಕೆಮ್ತಾನೆ ನೋಡಿ” ಎಂದರು. ಹಾವು ಕೆಮ್ಮಿಲ್ಲದೆಯೇ ತಲೆ ಎತ್ತಿತು. ದನಿ ಶುಚಿಯಾಗಿರಲೆಂದು ನಗರದವರು ಅದನ್ನು ಕತ್ತರಿಸಿ ತೆಗೆದಿದ್ದರು, ಆ ಎರಡು ವರ್ಷ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಒಂದು ಮಗುವೂ ಕಾಲು ಮಡಚಲಿಲ್ಲ.

“ಏನೂ ತಗೊಳ್ಳಲ್ಲ ಅಂದಿದ್ದ ಆ ಡೆಸ್ಮಂಡ್,” ಎಂದರು ಅತ್ತೆ. ಆಮೇಲೆ, “ಮೊದಲಿಂದ ಹಾಕು” ಎಂದರು.

ಶ್ರೀಮತಿ ಯೂನಿಸ್ ಅವರು ನೂರು ಚಳಿಗಾಲ ಕಾಣಲಿ; ನಮ್ಮ ಬಾಗಿಲಿಗೆ ಬರುವ ಪ್ರತಿ ಲಾರಿಯ ಎದುರಿಗೂ ಅವರ ಕುರ್ಚಿ ಇರಲಿ. ನಿವೃತ್ತಿಯ ನಂತರವೂ ಬೆಳಿಗ್ಗೆ ಹತ್ತಕ್ಕೆ ಅವರು ಶಾಲೆಗೆ ಬರಲು ಒಪ್ಪಿದ್ದಾರೆ. ಮಕ್ಕಳ ನಡುವೆ, ಯಂತ್ರದ ಪಕ್ಕದಲ್ಲಿ ಕೂರುತ್ತಾರೆ. ಹಾವು ತಲೆ ಎತ್ತುವ ಮುನ್ನ ಆ ಕೆಮ್ಮನ್ನು ಅವರೇ ಕೆಮ್ಮುತ್ತಾರೆ. ಮಕ್ಕಳು ಕಾಲು ಮಡಚಿ ಹಿಂದೆ ಸರಿಯುತ್ತಾರೆ.